ಸಹಾಯ ಬೇಕು: ಸಿಸಿಯಲ್ಲಿ ಹೋದ ರೇಟ್ ಲಿಸ್ಟ್, ಕ್ಷಮೆ ಕೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಆಫೀಸ್ ಕೆಲಸ ನನ್ನದು. ನಿನ್ನೆ ಹೊಸ ರೇಟ್ ಲಿಸ್ಟನ್ನು 18 ಅಂಗಡಿಯವರಿಗೆ ಒಂದೇ ಮೇಲ್‌ನಲ್ಲಿ ಕಳಿಸಿದೆ. ವಿಳಾಸಗಳನ್ನು ಒಬ್ಬರದು ಇನ್ನೊಬ್ಬರಿಗೆ ಕಾಣದ ಬಿಸಿಸಿಯಲ್ಲಿ ಹಾಕಬೇಕಿತ್ತು, ಎಲ್ಲರಿಗೂ ಕಾಣುವ ಸಿಸಿಯಲ್ಲಿ ಹಾಕಿಬಿಟ್ಟೆ. ಒಬ್ಬ ಹಳೇ ಗಿರಾಕಿ ‘ನಮಗೆ ಕೊಡ್ತಿದ್ದ ರೇಟಿಗಿಂತ ಇದು ಜಾಸ್ತಿ ಇದೆಯಲ್ಲ?’ ಅಂತ ಬರೆದು ರಿಪ್ಲೈ ಆಲ್ ಒತ್ತಿದರು. ಅವರಿಗೆ ಕಡಿಮೆ ರೇಟ್ ಇದ್ದದ್ದು ಈಗ ಎಲ್ಲರಿಗೂ ಗೊತ್ತಾಗಿದೆ. ಬೆಳಗ್ಗೆಯಿಂದ ಫೋನ್ ನಿಂತಿಲ್ಲ.

ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯೋಕೆ 30 ಸೆಕೆಂಡ್‌ವರೆಗೆ ಸಮಯ ಇಟ್ಟುಕೊಳ್ಳಬಹುದು. ನನ್ನದರಲ್ಲಿ 5 ಸೆಕೆಂಡೇ ಇತ್ತು, ಈಗ ಬದಲಿಸಿದ್ದೇನೆ.

ಕ್ಷಮೆ ಕೇಳಿ ಒಬ್ಬೊಬ್ಬರಿಗೂ ಬೇರೆ ಮೇಲ್ ಹಾಕಲಾ, ಬಿಸಿಸಿಯಲ್ಲಿ ಒಟ್ಟಿಗೇ ಕಳಿಸಲಾ? ಸಬ್ಜೆಕ್ಟ್ ಏನಂತ ಬರೆಯಲಿ? ರೇಟಿನ ಮಾತು ಫೋನಲ್ಲೇ ಆಡೋದು ಒಳ್ಳೇದು, ಅಲ್ವಾ? ಆ ಹಳೇ ಗಿರಾಕಿಯ ಮನಸ್ಸು ನೋಯಬಾರದು. ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ನಾಲ್ಕು ಸಾಲು ಬರೆದುಕೊಡಿ.