ಬಲ್ಬು ಬದಲಿಸುವ ಮೊದಲು ವೋಲ್ಟೇಜ್ ನೋಡೋಣ

ಪುಟ್ಟ, ನಿನ್ನ ಮೆಸೇಜನ್ನು ಈಗಷ್ಟೇ ಕೇಳಿದೆ. ಎರಡು ತಿಂಗಳಲ್ಲಿ ಮೂರು ಸಲ ಬೈಕಿನ ಹೆಡ್‌ಲೈಟ್ ಬಲ್ಬು ಸುಟ್ಟಿದೆ, ನಿನ್ನೆ ಸಂಜೆ ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವಾಗ ಅದರ ಬೆನ್ನಿಗೇ ಹಿಂದಿನ ದೀಪವೂ ಹೋಯಿತು ಎಂದಿದ್ದೀಯ. ಹೆಚ್ಚು ವ್ಯಾಟಿನ ಬಲ್ಬು ಹಾಕಿಸು ಎಂದು ಭಾವ ಇಲ್ಲಿ ಸಲಹೆ ಕೊಟ್ಟಿದ್ದಾರೆ. ಅವರ ಕಾಳಜಿ ದೊಡ್ಡದು, ಆದರೆ ದಯವಿಟ್ಟು ಹಾಗೆ ಮಾಡಬೇಡ. 35 ವ್ಯಾಟಿನ ಬಲ್ಬಿಗೆಂದು ಮಾಡಿದ ಹೋಲ್ಡರು ಅದಕ್ಕಿಂತ ಹೆಚ್ಚಿನ ಬಿಸಿಯನ್ನು ತಾಳಲಾರದೆ ಕರಗಬಹುದು, ಮೂಲ ದೋಷ ಮಾತ್ರ ಹಾಗೆಯೇ ಉಳಿಯುತ್ತದೆ.

ಎರಡೂ ದೀಪ ಒಂದೇ ಸಂಜೆ ಹೋದದ್ದೇ ನನಗೆ ಸಿಕ್ಕಿರುವ ದೊಡ್ಡ ಸುಳಿವು. ನಿನ್ನದು ಹಳೆಯ ಗಾಡಿ. ಅದರ ದೀಪಗಳು ಬ್ಯಾಟರಿಯಿಂದಲ್ಲ, ಇಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಉರಿಯುತ್ತವೆ, ಇಂಜಿನ್ ನಿಲ್ಲಿಸಿದೊಡನೆ ಅವು ಆರುವುದು ಅದಕ್ಕೇ. ಇಂಜಿನ್ ವೇಗವಾಗಿ ತಿರುಗಿದಷ್ಟೂ ಕಾಯಿಲಿನ ವೋಲ್ಟೇಜ್ ಏರುತ್ತದೆ, ಅದನ್ನು ತಡೆದು ಹಿಡಿಯುವ ಕೆಲಸ ರೆಗ್ಯುಲೇಟರಿನದು. ಅದು ಕೈಕೊಟ್ಟರೆ ಮೊದಲು ಹೆಡ್‌ಲೈಟ್ ಸುಡುತ್ತದೆ. ಆ 35 ವ್ಯಾಟಿನ ಹೊರೆ ಇಳಿದೊಡನೆ ವೋಲ್ಟೇಜ್ ಇನ್ನೂ ಮೇಲೇರಿ, 5 ವ್ಯಾಟಿನ ಹಿಂದಿನ ದೀಪ ಒಂದು ಗಳಿಗೆಯೂ ತಡೆಯುವುದಿಲ್ಲ. ವೋಲ್ಟೇಜ್ ಶೇಕಡಾ 10ರಷ್ಟು ಹೆಚ್ಚಾದರೂ ಸಾಕು, ಬಲ್ಬಿನೊಳಗೆ ಉರಿಯುವ ತಂತಿಯ, ಅಂದರೆ ಫಿಲಮೆಂಟಿನ ಆಯುಷ್ಯ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಸುಟ್ಟ ಬಲ್ಬನ್ನು ಎಸೆದಿಲ್ಲ ತಾನೆ? ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡು. ಗಾಜಿನ ಒಳಗೆ ಕಪ್ಪಗೆ, ಕನ್ನಡಿಯ ರಸ ಬಳಿದಂತೆ ಕಂಡರೆ ಫಿಲಮೆಂಟ್ ಮಿತಿಮೀರಿ ಕಾದಿದೆ ಎಂದು ತಿಳಿ. ಗಾಜು ಸ್ವಚ್ಛವಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ತೋಟದ ರಸ್ತೆಯ ಕುಲುಕಾಟವನ್ನೋ, ಸಡಿಲವಾದ ಹೋಲ್ಡರನ್ನೋ ಶಂಕಿಸಬೇಕು. ಒಳಗೆಲ್ಲ ಬಿಳಿ ಪುಡಿ ಕೂತಿದ್ದರೆ ಗಾಳಿ ಹೊಕ್ಕಿದೆ, ಆ ಬಲ್ಬೇ ಕೆಟ್ಟದ್ದು.

ಮೆಕ್ಯಾನಿಕ್ ಹತ್ತಿರ ಹೋದಾಗ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಅಳೆಯಲು ಹೇಳು. ಇಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.5ರ ಆಸುಪಾಸು, ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5 ವೋಲ್ಟ್ ಇರಬೇಕು. ಅದು 15 ದಾಟಿದರೆ, ಅಥವಾ ಹೆಡ್‌ಲೈಟಿನ ಹೋಲ್ಡರಿನಲ್ಲಿ ಮೀಟರನ್ನು ಎಸಿಗೆ (ಪರ್ಯಾಯ ವಿದ್ಯುತ್ತಿಗೆ) ತಿರುಗಿಸಿ ಅಳೆದಾಗ ಅಂಕಿ ಏರುತ್ತಲೇ ಹೋದರೆ, ದೋಷ ರೆಗ್ಯುಲೇಟರಿನ ಕಡೆಯದು. ಹಾಗೆಂದು ಕೂಡಲೇ ಹೊಸದನ್ನು ಕೊಳ್ಳಬೇಡ. ನಮ್ಮ ಮಲೆನಾಡಿನ ಮಳೆಗೆ ರೆಗ್ಯುಲೇಟರನ್ನು ಚಾಸಿಸ್‌ಗೆ, ಅಂದರೆ ಗಾಡಿಯ ಚೌಕಟ್ಟಿಗೆ ಬಿಗಿದ ಬೋಲ್ಟಿನ ಅಡಿ ತುಕ್ಕು ಹಿಡಿದು ಅರ್ಥ್ (ಚೌಕಟ್ಟಿನ ಜೊತೆಗಿನ ವಿದ್ಯುತ್ ಸಂಪರ್ಕ) ಕಡಿದುಹೋಗುವುದುಂಟು, ಆಗ ಒಳ್ಳೆಯ ರೆಗ್ಯುಲೇಟರೂ ವೋಲ್ಟೇಜನ್ನು ತಡೆಯಲಾರದು. ನನ್ನ ಹಳೆಯ ಗಾಡಿಯಲ್ಲಿ ನಡೆದದ್ದೂ ಅದೇ. ಚಾರ್ಮಾಡಿಯ ಮಂಜಿನಲ್ಲಿ ದೀಪವಿಲ್ಲದೆ ನಿಂತ ಆ ರಾತ್ರಿ ಹಿಂದಿನಿಂದ ಲಾರಿಯ ಸದ್ದು ಕೇಳಿಸಿದಾಗಲೆಲ್ಲ ನನ್ನ ಎದೆ ನಡುಗುತ್ತಿತ್ತು. ಮರುದಿನ ಆ ಬೋಲ್ಟು ಬಿಚ್ಚಿ, ಮರಳು ಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ ಬಿಗಿದ ಮೇಲೆ ಬಲ್ಬು ಸುಡುವುದು ನಿಂತಿತು.

ಹೊಸ ಹ್ಯಾಲೊಜನ್ ಬಲ್ಬು ಹಾಕುವಾಗ ಗಾಜನ್ನು ಬರಿಗೈಯಿಂದ ಮುಟ್ಟಬೇಡ. ಬೆರಳಿನ ಜಿಡ್ಡು ತಗುಲಿದ ಕಡೆ ಗಾಜು ಹೆಚ್ಚು ಕಾದು ಸೀಳುತ್ತದೆ.

ಇದೆಲ್ಲ ಆಗುವವರೆಗೆ ಕತ್ತಲಾದ ಮೇಲೆ ಆ ಗಾಡಿಯನ್ನು ಹೊರಗೆ ತೆಗೆಯಬೇಡ, ಬಸ್ಸಿನಲ್ಲೇ ಓಡಾಡು. ಮೆಕ್ಯಾನಿಕ್ ಬಳಿ ಮೀಟರ್ ಇಲ್ಲದಿದ್ದರೆ ಭಾನುವಾರ ಬೆಳಕಿರುವಾಗಲೇ ಹಾಸನಕ್ಕೆ ಬಾ, ಸುಟ್ಟ ಬಲ್ಬುಗಳನ್ನೂ ಕಾಗದದಲ್ಲಿ ಸುತ್ತಿಕೊಂಡು ಬಾ. ಮೀಟರ್ ನನ್ನ ಹತ್ತಿರ ಇದೆ.