ಕ್ಲಸ್ಟರ್ ಸ್ಪಾಟ್‌ಗಳನ್ನು ಸೋಸುವುದು ಹೇಗೆ? ಹ್ಯಾಮ್ (ಹವ್ಯಾಸಿ ರೇಡಿಯೊ) ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗ): ನಮಸ್ಕಾರ ಸರ್. ಎನ್1ಎಂಎಂ ಪ್ಲಸ್ ಎಂಬ ಲಾಗರ್ (ಸಂಪರ್ಕಗಳನ್ನು ದಾಖಲಿಸುವ ಪ್ರೋಗ್ರಾಂ) ಹಾಕಿಕೊಂಡು ಅದರ ಟೆಲ್ನೆಟ್ ವಿಂಡೋದಿಂದ ಒಂದು ಡಿಎಕ್ಸ್‌ಸ್ಪೈಡರ್ ಕ್ಲಸ್ಟರ್‌ಗೆ, ಅಂದರೆ ಯಾರು ಎಲ್ಲಿ ಕೇಳಿಸುತ್ತಿದ್ದಾರೆ ಎಂಬ ಸುದ್ದಿ (ಸ್ಪಾಟ್) ಹಂಚುವ ಸರ್ವರ್‌ಗೆ, ಕನೆಕ್ಟ್ ಆಗಿದ್ದೇನೆ. ಸ್ಪಾಟ್‌ಗಳು ಓದಲೂ ಆಗದಷ್ಟು ವೇಗವಾಗಿ ಓಡುತ್ತವೆ. ಬ್ಯಾಂಡ್‌ಮ್ಯಾಪ್ (ಸ್ಪಾಟ್‌ಗಳನ್ನು ಆವರ್ತನದ ಕ್ರಮದಲ್ಲಿ ತೋರಿಸುವ ಪಟ್ಟಿ) ತುಂಬ ಕಾಲ್‌ಸೈನ್‌ಗಳು (ಸ್ಟೇಷನ್‌ಗಳ ಗುರುತಿನ ಹೆಸರು), ಆದರೆ ಒಂದೊಂದನ್ನೇ ಒತ್ತಿ ನೋಡಿದರೆ ಬಹುಪಾಲು ಬರೀ ಗೊರಗೊರ. 40 ಮತ್ತು 20 ಮೀಟರ್ ಬ್ಯಾಂಡ್‌ಗೆ ಡೈಪೋಲ್ ಆಂಟೆನಾ, 100 ವ್ಯಾಟ್, ಸಿಡಬ್ಲ್ಯೂ (ಮೋರ್ಸ್) ಮತ್ತು ಎಸ್‌ಎಸ್‌ಬಿ (ಧ್ವನಿ) ಮಾತ್ರ ಮಾಡುತ್ತೇನೆ. ಇದು ಆಂಟೆನಾ ತೊಂದರೆಯೋ, ಸೆಟ್ಟಿಂಗ್ ತೊಂದರೆಯೋ?

ಉತ್ತರ: ಆಂಟೆನಾ ಮುಟ್ಟಬೇಡಿ, ಮೊದಲು ಫಿಲ್ಟರ್ ನೋಡೋಣ. ಸ್ಪಾಟ್ ಸಾಲಿನಲ್ಲಿ ‘ಡಿಎಕ್ಸ್ ಡಿ’ ಆದ ಮೇಲೆ ಮೊದಲು ಬರುವುದು ಸಿಗ್ನಲ್ ಕೇಳಿದವರ (ಸ್ಪಾಟರ್) ಕಾಲ್‌ಸೈನ್. ಆಮೇಲೆ ಕಿಲೋಹರ್ಟ್ಸ್‌ನಲ್ಲಿ ಆವರ್ತನ, ಕೇಳಿಸಿದ ಸ್ಟೇಷನ್, ಟಿಪ್ಪಣಿ, ಕೊನೆಗೆ ಯುಟಿಸಿ (ವಿಶ್ವ ಪ್ರಮಾಣ) ಸಮಯ. ಎಲ್ಲರ ಕಣ್ಣೂ ಹೋಗುವುದು ಕೇಳಿಸಿದ ಸ್ಟೇಷನ್ ಕಡೆಗೆ. ಸೋಸಬೇಕಾದ್ದು ಕೇಳಿದವರನ್ನು. ಜರ್ಮನಿಯಲ್ಲಿ ಯಾರಿಗೋ ಕೆರಿಬಿಯನ್ ಸ್ಟೇಷನ್ ಕೇಳಿಸಿತು ಎಂಬುದರಿಂದ ಶಿವಮೊಗ್ಗದಲ್ಲಿ ಏನು ಕೇಳಿಸುತ್ತದೆ ಅಂತ ತಿಳಿಯುವುದಿಲ್ಲ. ಅದೇ ಸ್ಟೇಷನ್ ಕೊಲಂಬೊದಲ್ಲೋ ದುಬೈಯಲ್ಲೋ ಕೇಳಿಸಿದರೆ ನೀವು ಕಿವಿ ಕೊಡಬಹುದು.

ಇದಕ್ಕೆ ಸುಲಭದ ಅಳತೆಗೋಲು ಸಿಕ್ಯೂ ಝೋನ್, ಅಂದರೆ ಹ್ಯಾಮ್‌ಗಳು ಜಗತ್ತನ್ನು ನಂಬರ್ ಹಾಕಿ ಹಂಚಿಕೊಂಡ ವಲಯ. ನಾವಿರುವುದು 22ರಲ್ಲಿ. ಶ್ರೀಲಂಕಾ, ಮಾಲ್ಡೀವ್ಸ್, ನೇಪಾಳ, ಭೂತಾನ್, ಬಾಂಗ್ಲಾದೇಶವೂ ಅದರಲ್ಲೇ. 21ರಲ್ಲಿ ಕೊಲ್ಲಿ ದೇಶಗಳು, ಇರಾನ್, ಪಾಕಿಸ್ತಾನ. 26ರಲ್ಲಿ ಥಾಯ್ಲೆಂಡ್, ಮ್ಯಾನ್ಮಾರ್ ಜೊತೆಗೆ ನಮ್ಮದೇ ಅಂಡಮಾನ್. 28ರಲ್ಲಿ ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾ. ಈ ನಾಲ್ಕು ಝೋನ್‌ಗಳಲ್ಲಿ ಕೂತವರು ಕೇಳಿದ್ದು ಮಾತ್ರ ಬರಲಿ ಅಂದರೆ ಅರ್ಧ ಕೆಲಸ ಆಯಿತು.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆಯುತ್ತೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ. ಓರೆಗೆರೆ, ಅಡಿಗೆರೆ, ಅಂಕಿ ಇದ್ದ ಹಾಗೇ ಇರಲಿ.

ಮೊದಲು ಹಳೆಯದನ್ನೆಲ್ಲ ಅಳಿಸಿ: ಕ್ಲಿಯರ್/ಸ್ಪಾಟ್ಸ್ ಆಲ್

ಆಮೇಲೆ: ಅಕ್ಸೆಪ್ಟ್/ಸ್ಪಾಟ್ಸ್ 1 ಬೈ_ಝೋನ್ 21,22,26,28 ಆ್ಯಂಡ್ (ಆನ್ 40ಎಂ ಆರ್ ಆನ್ 20ಎಂ)

ಸಿಡಬ್ಲ್ಯೂ, ಎಸ್‌ಎಸ್‌ಬಿ ಮಾತ್ರ ಅಂದಿರಲ್ಲ, ಎಫ್‌ಟಿ8 (ಕಂಪ್ಯೂಟರ್ ಮೂಲಕ ನಡೆಯುವ ಡಿಜಿಟಲ್ ಮೋಡ್) ಬರದಿರಲು: ರಿಜೆಕ್ಟ್/ಸ್ಪಾಟ್ಸ್ 1 ಫ್ರೆಕ್ 14074/14077 ಆರ್ ಫ್ರೆಕ್ 7074/7077

ಕೊನೆಗೆ ಶೋ/ಫಿಲ್ಟರ್ ಅಂತ ಹೊಡೆದು, ನೋಡ್ (ನೀವು ಕನೆಕ್ಟ್ ಆದ ಕ್ಲಸ್ಟರ್ ಸರ್ವರ್) ಏನನ್ನು ಉಳಿಸಿಕೊಂಡಿದೆ ಅಂತ ಓದಿ. ಕಂಸ ಒಂದು ತಪ್ಪಿದ್ದರೆ ಇಲ್ಲಿ ಗೊತ್ತಾಗುತ್ತದೆ.

ಎರಡಕ್ಕೂ 1 ಅಂತ ಹಾಕಿದ್ದು ತಪ್ಪಲ್ಲ. ಒಂದೇ ನಂಬರಿನಲ್ಲಿ ರಿಜೆಕ್ಟ್ ಮತ್ತು ಅಕ್ಸೆಪ್ಟ್ ಎರಡೂ ಇದ್ದರೆ ರಿಜೆಕ್ಟ್ ಮೊದಲು ನೋಡಲಾಗುತ್ತದೆ. ಅಲ್ಲಿ ಸಿಕ್ಕಿಬಿದ್ದ ಸ್ಪಾಟ್ ಅಲ್ಲಿಗೇ ಮುಗಿಯಿತು. ಹೊಸಬರು ಎಡವುವುದು ಇನ್ನೊಂದು ಕಡೆ. ರಿಜೆಕ್ಟ್ ಸಾಲು ಮಾತ್ರ ಇದ್ದರೆ ಉಳಿದದ್ದೆಲ್ಲ ಬರುತ್ತದೆ. ಅಕ್ಸೆಪ್ಟ್ ಸಾಲು ಮಾತ್ರ ಇದ್ದರೆ ಅದಕ್ಕೆ ಹೊಂದದ್ದು ಯಾವುದೂ ಬರುವುದಿಲ್ಲ. ‘20 ಮೀಟರ್ ಕೂಡ ಬರಲಿ’ ಅಂತ ಒಂದು ಅಕ್ಸೆಪ್ಟ್ ಸೇರಿಸಿ, ಉಳಿದ ಬ್ಯಾಂಡ್ ಎಲ್ಲ ಮಾಯವಾಯಿತು ಅಂತ ನೋಡ್ ನಡೆಸುವವರನ್ನು ಬಯ್ಯುವುದು ಹೀಗೇ.

ಒಂದು ವಿನಾಯಿತಿ ಇಟ್ಟುಕೊಳ್ಳಿ: ಅಕ್ಸೆಪ್ಟ್/ಸ್ಪಾಟ್ಸ್ 2 ಕಾಲ್_ಡಿಎಕ್ಸ್‌ಸಿಸಿ ವಿಯು4,ವಿಯು7. ಅಂಡಮಾನ್ ಅಥವಾ ಲಕ್ಷದ್ವೀಪ ಗಾಳಿಯಲ್ಲಿದೆ ಅನ್ನುವ ಸುದ್ದಿ ಫಿನ್ಲೆಂಡಿನಿಂದ ಬಂದರೂ ನಮಗೆ ಬೇಕಾದದ್ದೇ.

ಮರುಪ್ರಶ್ನೆ (ಶಿವಮೊಗ್ಗ): ಆಯಿತು ಸರ್, ಈಗ ಓದುವಷ್ಟು ನಿಧಾನ ಆಗಿದೆ. ಆದರೆ ನಿನ್ನೆ ಆ ನೋಡ್ ಬಿದ್ದುಹೋಯಿತು ಅಂತ ಬೇರೆಯದಕ್ಕೆ ಹೋದೆ. ಮತ್ತೆ ಪ್ರವಾಹ. ಕೊಟ್ಟ ಕಮಾಂಡ್‌ಗಳನ್ನೂ ಅದು ಒಪ್ಪುತ್ತಿಲ್ಲ.

ಉತ್ತರ: ಫಿಲ್ಟರ್ ಉಳಿಯುವುದು ನೋಡ್‌ನಲ್ಲಿ, ನಿಮ್ಮ ಕಂಪ್ಯೂಟರಿನಲ್ಲಲ್ಲ. ಹೊಸ ನೋಡ್‌ಗೆ ನೀವು ಹೊಸಬರು. ಕಮಾಂಡ್ ಒಪ್ಪದಿದ್ದರೆ ಅಲ್ಲಿ ಓಡುತ್ತಿರುವುದು ಡಿಎಕ್ಸ್‌ಸ್ಪೈಡರ್ ಅಲ್ಲ, ಬಹುಶಃ ಸಿಸಿ ಕ್ಲಸ್ಟರ್ ಅಥವಾ ಎಆರ್-ಕ್ಲಸ್ಟರ್. ಲಾಗಿನ್ ಆದಾಗ ಬರುವ ಸ್ವಾಗತದ ಸಾಲುಗಳಲ್ಲಿ ಹೆಸರಿರುತ್ತದೆ, ಓದಿ.

ಸಿಸಿ ಕ್ಲಸ್ಟರ್‌ನಲ್ಲಿ ಕೇಳಿದವರ ದೇಶಕ್ಕೆ ಡಿಒಸಿ ಅಂತ ಹೆಸರು: ಸೆಟ್/ಫಿಲ್ಟರ್ ಡಿಒಸಿ/ಪಾಸ್ ವಿಯು,4ಎಸ್,ಎ6,ಎಚ್‌ಎಸ್,9ವಿ ಹೀಗೆ ಪ್ರಿಫಿಕ್ಸ್‌ಗಳನ್ನು (ಕಾಲ್‌ಸೈನ್ ಶುರುವಿನ, ದೇಶ ಸೂಚಿಸುವ ಅಕ್ಷರಗಳು) ಕೊಡಿ. ಬ್ಯಾಂಡ್ ಮತ್ತು ಮೋಡ್‌ಗೆ ಡಿಎಕ್ಸ್‌ಬಿಎಂ: ಸೆಟ್/ಫಿಲ್ಟರ್ ಡಿಎಕ್ಸ್‌ಬಿಎಂ/ಪಾಸ್ 40-ಸಿಡಬ್ಲ್ಯೂ,20-ಸಿಡಬ್ಲ್ಯೂ,40-ಎಸ್‌ಎಸ್‌ಬಿ,20-ಎಸ್‌ಎಸ್‌ಬಿ. ನೋಡುವುದಕ್ಕೆ ಎಸ್‌ಎಚ್/ಫಿಲ್ಟರ್. ಕೈಮೀರಿದರೆ ಸೆಟ್/ನೋಫಿಲ್ಟರ್ ಹೊಡೆದು ಮೊದಲಿನಿಂದ ಶುರುಮಾಡಿ. ಎರಡು ಬಗೆಯ ನೋಡ್‌ಗೂ ಎರಡು ನೋಟ್‌ಪ್ಯಾಡ್ ಫೈಲ್ ಮಾಡಿಟ್ಟುಕೊಳ್ಳಿ. ಎನ್1ಎಂಎಂನ ಟೆಲ್ನೆಟ್ ವಿಂಡೋದಲ್ಲಿರುವ ಬಟನ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ಕಮಾಂಡ್‌ಗಳನ್ನು ತುಂಬಿಸಿಯೂ ಇಡಬಹುದು.

ಎನ್1ಎಂಎಂ ಒಳಗೂ ಫಿಲ್ಟರ್ ಟ್ಯಾಬ್ ಇದೆ, ಅದೇ ಸಾಲದೇ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಎರಡೂ ಬೇಕು, ಆದರೆ ಕೆಲಸ ಬೇರೆ. ದಪ್ಪ ಜರಡಿ ನೋಡ್‌ನಲ್ಲಿರಲಿ: ಯಾರು ಕೇಳಿದರು, ಯಾವ ಬ್ಯಾಂಡ್. ಸಣ್ಣ ಜರಡಿ ಲಾಗರ್‌ನಲ್ಲಿ: ಆಗಲೇ ಮಾತಾಡಿದವರು, ಬೇಕಾದ ದೇಶಗಳು. ಯಾರ ಜೊತೆ ಕಾಂಟ್ಯಾಕ್ಟ್ ಆಗಿದೆ ಅಂತ ನೋಡ್‌ಗೆ ಗೊತ್ತಿಲ್ಲ, ಲಾಗರ್‌ಗೆ ಗೊತ್ತು. ಬ್ಯಾಂಡ್‌ಮ್ಯಾಪ್‌ನಲ್ಲಿ ಸ್ಪಾಟ್ ಎಷ್ಟು ನಿಮಿಷ ಉಳಿಯಬೇಕು ಅನ್ನುವುದನ್ನೂ ಇಳಿಸಿ. ಸಿಡಬ್ಲ್ಯೂಗೆ 15 ನಿಮಿಷ ಸಾಕು. ಒಂದು ಗಂಟೆ ಹಳೆಯ ಸ್ಪಾಟ್ ಬರೀ ಕಸ.

ಪ್ರಶ್ನೆ (ಮೈಸೂರು): ಕೆಲವು ಸ್ಪಾಟರ್‌ಗಳ ಕಾಲ್‌ಸೈನ್ ಕೊನೆಯಲ್ಲಿ ಅಡ್ಡಗೆರೆ ಮತ್ತು ಹ್ಯಾಶ್ ಗುರುತು ಇರುತ್ತದೆ. ಅವರು ಯಾರು? ಅದನ್ನು ನಂಬಬಹುದೇ?

ಉತ್ತರ: ಅದು ಮನುಷ್ಯರಲ್ಲ, ಸ್ಕಿಮ್ಮರ್. ಎಸ್‌ಡಿಆರ್ (ಸಾಫ್ಟ್‌ವೇರ್ ಆಧಾರಿತ) ರಿಸೀವರ್‌ಗೆ ಸಿಡಬ್ಲ್ಯೂ ಸ್ಕಿಮ್ಮರ್ ಸಾಫ್ಟ್‌ವೇರ್ ಕಟ್ಟಿದರೆ ಅದು ಬ್ಯಾಂಡಿನ ಉದ್ದಕ್ಕೂ ಒಟ್ಟಿಗೇ ಮೋರ್ಸ್ ಓದುತ್ತದೆ. ಅಂಥ ಸ್ಟೇಷನ್‌ಗಳ ಜಾಲ ರಿವರ್ಸ್ ಬೀಕನ್ ನೆಟ್‌ವರ್ಕ್, ಅಂದರೆ ಆರ್‌ಬಿಎನ್. ಟಿಪ್ಪಣಿಯಲ್ಲಿ ಡೆಸಿಬೆಲ್ ಮತ್ತು ಮೋರ್ಸ್ ವೇಗ ಇದ್ದರೆ ಅದೇ. ಆರ್‌ಬಿಎನ್‌ನ ಸ್ವಂತ ಟೆಲ್ನೆಟ್‌ಗೆ, ಅಂದರೆ ಸಿಡಬ್ಲ್ಯೂ ಮತ್ತು ಆರ್‌ಟಿಟಿವೈಗೆ (ರೇಡಿಯೊ ಟೆಲಿಟೈಪ್) ಪೋರ್ಟ್ 7000, ಎಫ್‌ಟಿ8ಗೆ 7001, ನೇರವಾಗಿ ಲಾಗರ್ ಸಿಕ್ಕಿಸಬೇಡಿ. ಅಲ್ಲಿ ಸೋಸುವ ಸೌಲಭ್ಯ ಇಲ್ಲ. ನವೆಂಬರ್ ಕೊನೆಯ ಸಿಕ್ಯೂ ವರ್ಲ್ಡ್‌ವೈಡ್ ಸಿಡಬ್ಲ್ಯೂ ಸ್ಪರ್ಧೆಯ ದಿನ ಲಾಗರ್ ತತ್ತರಿಸುತ್ತದೆ. ಸ್ಕಿಮ್ಮರ್ ಸ್ಪಾಟ್ ಕೊಡುವ ನೋಡ್ ಮೂಲಕವೇ ತೆಗೆದುಕೊಳ್ಳಿ. ಸಿಸಿ ಕ್ಲಸ್ಟರ್‌ನಲ್ಲಿ ಸೆಟ್/ಸ್ಕಿಮ್ಮರ್ ಅಂದರೆ ಶುರು, ಸೆಟ್/ನೋಸ್ಕಿಮ್ಮರ್ ಅಂದರೆ ಬಂದ್.

ನಂಬಿಕೆಯ ವಿಷಯಕ್ಕೆ ಬಂದರೆ, ಸ್ಕಿಮ್ಮರ್ ಆವರ್ತನದಲ್ಲಿ ಗಟ್ಟಿ, ಕಾಲ್‌ಸೈನ್‌ನಲ್ಲಿ ಆಗಾಗ ಎಡವಟ್ಟು. ನಮ್ಮ ವಿಯು ಪ್ರಿಫಿಕ್ಸನ್ನೇ ನೋಡಿ. ವಿ ಅಂದರೆ ಮೂರು ಚುಕ್ಕೆ, ಒಂದು ಗೆರೆ. ಸಿಡಿಲಿನ ಚಟಪಟದಲ್ಲಿ ಮುಂದೆ ಒಂದು ಚುಕ್ಕೆ ಹೆಚ್ಚಿಗೆ ಸೇರಿದರೆ ಅದು 4, ನಿಮ್ಮ ವಿಯು ಹೋಗಿ ವಿಶ್ವಸಂಸ್ಥೆಯ 4ಯು ಆಗುತ್ತದೆ. ಫೇಡಿಂಗ್‌ನಲ್ಲಿ ಒಂದು ಚುಕ್ಕೆ ಕಳೆದುಹೋದರೆ ಯು, ಆಗ ಯುಯು ಅಂದರೆ ಉಕ್ರೇನ್! ಹಾಗಾಗಿ ಒಂದೇ ಸ್ಕಿಮ್ಮರ್ ಕೊಟ್ಟ ಅಪರೂಪದ ಕಾಲ್‌ಸೈನನ್ನು ಲಾಗ್‌ಗೆ ಹಾಕುವ ಮೊದಲು ಕಿವಿಯಿಂದ ಕೇಳಿ ಖಚಿತ ಮಾಡಿಕೊಳ್ಳಿ. ಎರಡು ಮೂರು ಸ್ಕಿಮ್ಮರ್ ಅದನ್ನೇ ಹೇಳಿದರೆ ನಂಬಬಹುದು.

ಇನ್ನೊಬ್ಬ ಸದಸ್ಯರು ಸೇರಿಸಿದ್ದು: ಮೇಲಿನ ಝೋನ್ ಫಿಲ್ಟರ್ ಸ್ಕಿಮ್ಮರ್‌ಗೂ ಹಾಕಿದರೆ ಪರದೆ ಬರಿದಾದಂತೆ ಅನಿಸುತ್ತದೆ. ಸ್ಕಿಮ್ಮರ್‌ಗಳು ದಟ್ಟವಾಗಿರುವುದು ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ, ನಮ್ಮ ಸುತ್ತ ವಿರಳ. ಸಿಡಬ್ಲ್ಯೂ ಮಾಡುವವರು 24 ಮತ್ತು 25 ಝೋನ್, ಅಂದರೆ ಚೀನಾ, ಜಪಾನ್, ಕೊರಿಯಾ ಸೇರಿಸಿಕೊಂಡರೆ ಒಳ್ಳೆಯದು.

ಉತ್ತರ: ಒಪ್ಪಿದೆ. ಸೇರಿಸಿಕೊಳ್ಳಿ.

ಪ್ರಶ್ನೆ (ಧಾರವಾಡ): ಲಾಗ್4ಒಎಂ ಮತ್ತು ಎನ್1ಎಂಎಂ, ಎರಡೂ ಲಾಗರ್‌ಗಳನ್ನು ತೆರೆದರೆ ಎರಡೂ ಕಡೆ ಕ್ಲಸ್ಟರ್ ಕಟ್ ಆಗಿ ಮತ್ತೆ ಕನೆಕ್ಟ್ ಆಗುತ್ತಲೇ ಇರುತ್ತದೆ. ಇಂಟರ್ನೆಟ್ ಸರಿಯಾಗಿದೆ.

ಉತ್ತರ: ಎರಡೂ ಒಂದೇ ಕಾಲ್‌ಸೈನ್‌ನಿಂದ ಒಂದೇ ನೋಡ್‌ಗೆ ಲಾಗಿನ್ ಆಗುತ್ತಿವೆ. ಎರಡನೆಯದು ಬಂದ ಕೂಡಲೇ ನೋಡ್ ಮೊದಲನೆಯದನ್ನು ಹೊರಗೆ ಹಾಕುತ್ತದೆ, ಅದು ಆಟೋ-ರೀಕನೆಕ್ಟ್‌ನಿಂದ ಮತ್ತೆ ಬಂದು ಇದನ್ನು ತಳ್ಳುತ್ತದೆ. ಒಂದರ ಲಾಗಿನ್‌ಗೆ ಕಾಲ್‌ಸೈನ್ ಕೊನೆಯಲ್ಲಿ -1 ಸೇರಿಸಿ. ಆ -1ಕ್ಕೆ ಫಿಲ್ಟರ್ ಬೇರೆಯಾಗಿಯೇ ಹಾಕಬೇಕಾದೀತು.

ಇದಕ್ಕಿಂತ ಚೊಕ್ಕಟ ದಾರಿ ಸಿಸಿ ಯೂಸರ್ ಎಂಬ ಉಚಿತ ಪ್ರೋಗ್ರಾಂ. ಅದು ನೋಡ್‌ಗೆ ಒಮ್ಮೆ ಕನೆಕ್ಟ್ ಆಗಿ, ನಿಮ್ಮ ಕಂಪ್ಯೂಟರಿನೊಳಗೆ ಬೇರೆ ಪ್ರೋಗ್ರಾಂಗಳಿಗೆ ಸ್ಪಾಟ್ ಹಂಚುತ್ತದೆ. ಲಾಗರ್‌ಗಳಲ್ಲಿ ಕ್ಲಸ್ಟರ್ ವಿಳಾಸ 127.0.0.1, ಪೋರ್ಟ್ 7300 ಅಂತ ಕೊಡಿ. ಅದೇ ಕಂಪ್ಯೂಟರಿನಲ್ಲಿ ಸಿಡಬ್ಲ್ಯೂ ಸ್ಕಿಮ್ಮರ್ ಕೂಡ ಇದ್ದರೆ ಜಗಳ ಬೀಳುತ್ತದೆ, ಏಕೆಂದರೆ ಅದರ ಟೆಲ್ನೆಟ್ ಪೋರ್ಟೂ 7300. ಯಾವುದಾದರೂ ಒಂದನ್ನು 7310 ಮಾಡಿ.

ಪ್ರಶ್ನೆ (ಮಂಗಳೂರು): ಡಬ್ಲ್ಯುಎಸ್‌ಜೆಟಿ-ಎಕ್ಸ್ (ಎಫ್‌ಟಿ8 ಪ್ರೋಗ್ರಾಂ) ಜೊತೆ ಗ್ರಿಡ್‌ಟ್ರ್ಯಾಕರ್ (ಅದರ ಡಿಕೋಡ್‌ಗಳನ್ನು ನಕ್ಷೆಯಲ್ಲಿ ತೋರಿಸುವ ಪ್ರೋಗ್ರಾಂ) ಚೆನ್ನಾಗಿತ್ತು. ಜೆಟಿಅಲರ್ಟ್ (ಬೇಕಾದವರು ಕೇಳಿಸಿದಾಗ ಎಚ್ಚರಿಸುವ ಪ್ರೋಗ್ರಾಂ) ಹಾಕಿದ ಮೇಲೆ ಒಂದಕ್ಕೆ ಮಾತ್ರ ಡಿಕೋಡ್ ಬರುತ್ತಿದೆ. ಎಫ್‌ಟಿ8 ಕಾಂಟ್ಯಾಕ್ಟ್‌ಗಳು ಎಲ್‌ಒಟಿಡಬ್ಲ್ಯೂನಲ್ಲಿ (ಕಾಂಟ್ಯಾಕ್ಟ್ ದೃಢಪಡಿಸುವ ಆನ್‌ಲೈನ್ ಸೇವೆ) ಮ್ಯಾಚ್ ಆಗುತ್ತಲೇ ಇಲ್ಲ ಅನ್ನುವುದು ಎರಡನೇ ತಲೆನೋವು.

ಉತ್ತರ: ಮೊದಲನೆಯದು ಪೋರ್ಟ್ 2237ರ ಪೈಪೋಟಿ. ಯುಡಿಪಿ ವಿಳಾಸ 127.0.0.1 ಇದ್ದರೆ ಆ ಪೋರ್ಟನ್ನು ಮೊದಲು ಹಿಡಿದುಕೊಂಡವರಿಗೆ ಮಾತ್ರ ಡೇಟಾ. ಡಬ್ಲ್ಯುಎಸ್‌ಜೆಟಿ-ಎಕ್ಸ್ ಸೆಟ್ಟಿಂಗ್ಸ್‌ನ ರಿಪೋರ್ಟಿಂಗ್ ಟ್ಯಾಬ್‌ನಲ್ಲಿ ಯುಡಿಪಿ ಸರ್ವರ್ ವಿಳಾಸವನ್ನು 224.0.0.1 ಮಾಡಿ, ಹೊರಹೋಗುವ ಇಂಟರ್‌ಫೇಸ್ ಪಟ್ಟಿಯಲ್ಲಿ ಲೂಪ್‌ಬ್ಯಾಕ್ ಆರಿಸಿ. ಗ್ರಿಡ್‌ಟ್ರ್ಯಾಕರ್‌ನಲ್ಲೂ ಮಲ್ಟಿಕಾಸ್ಟ್ ಟಿಕ್ ಮಾಡಿ ಅದೇ ವಿಳಾಸ ಕೊಡಿ. ‘ಅಕ್ಸೆಪ್ಟ್ ಯುಡಿಪಿ ರಿಕ್ವೆಸ್ಟ್ಸ್’ ಟಿಕ್ ಆಗಿರಲಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಕ್ಲಿಕ್ ಮಾಡಿದರೂ ಡಬ್ಲ್ಯುಎಸ್‌ಜೆಟಿ-ಎಕ್ಸ್ ಅಲುಗಾಡುವುದಿಲ್ಲ.

ಎರಡನೆಯದಕ್ಕೆ ಕಂಪ್ಯೂಟರಿನ ಟೈಮ್‌ಝೋನ್ ನೋಡಿ. ಗಡಿಯಾರ ಭಾರತೀಯ ಸಮಯ ತೋರಿಸುತ್ತಿದ್ದು, ಝೋನ್ ಮಾತ್ರ ಯುಟಿಸಿ ಅಂತ ಉಳಿದಿದೆಯೇ? ಐದೂವರೆ ಗಂಟೆ ಅಂದರೆ 19,800 ಸೆಕೆಂಡ್, ಸರಿಯಾಗಿ 1,320 ಎಫ್‌ಟಿ8 ಸರದಿ. 15ರಿಂದ ಭಾಗವಾಗುವುದರಿಂದ ಡಿಕೋಡಿಂಗ್‌ಗೆ ಏನೂ ಆಗುವುದಿಲ್ಲ, ಡಿಟಿ (ಸಮಯದ ವ್ಯತ್ಯಾಸ) ಕಾಲಂ ಕೂಡ ಸೊನ್ನೆಯ ಹತ್ತಿರವೇ. ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಲಾಗ್‌ನಲ್ಲಿ ಸಮಯ ಐದೂವರೆ ಗಂಟೆ ಆಚೀಚೆ. ಎಲ್‌ಒಟಿಡಬ್ಲ್ಯೂಗೆ ಎರಡೂ ಕಡೆಯ ಸಮಯ 30 ನಿಮಿಷದೊಳಗೆ ಹೊಂದಬೇಕು. ಝೋನ್ ಸರಿಮಾಡಿ, ಲಾಗ್ ಸಮಯ ತಿದ್ದಿ ಮತ್ತೆ ಅಪ್‌ಲೋಡ್ ಮಾಡಿ.

ಪ್ರಶ್ನೆ (ಬೆಂಗಳೂರು): ನಮ್ಮ ಕಡೆ ಸ್ಕಿಮ್ಮರ್ ವಿರಳ ಅಂದಿರಿ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರಿಸೀವರ್) ಇದೆ, ನಾನೇ ಒಂದು ನಡೆಸಬಹುದೇ?

ಉತ್ತರ: ನಡೆಸಬಹುದು, ಆದರೆ ಆವರ್ತನ ಸರಿಮಾಡದೆ ಜಾಲಕ್ಕೆ ಕಳಿಸಬೇಡಿ. 14 ಮೆಗಾಹರ್ಟ್ಸ್‌ನಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ತಪ್ಪು ಅಂದರೆ 14 ಹರ್ಟ್ಸ್. ಅಗ್ಗದ ಡಾಂಗಲ್ 30 ಪಿಪಿಎಂ ತಪ್ಪಿದರೆ 420 ಹರ್ಟ್ಸ್, ಕಿರಿದಾದ ಸಿಡಬ್ಲ್ಯೂ ಫಿಲ್ಟರ್‌ನ ಆಚೆ. ಕ್ಲಿಕ್ ಮಾಡಿದವರಿಗೆ ಏನೂ ಕೇಳಿಸುವುದಿಲ್ಲ. ಟಿಸಿಎಕ್ಸ್‌ಒ (ತಾಪಮಾನ ಬದಲಾದರೂ ಆವರ್ತನ ಹೆಚ್ಚು ಕದಲದ ಆಸಿಲೇಟರ್) ಇರುವುದನ್ನೇ ಬಳಸಿ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, 10 ಮೆಗಾಹರ್ಟ್ಸ್‌ನಲ್ಲಿ ಚೀನಾದ ಬಿಪಿಎಂ ಸಮಯ ಸಂಕೇತ ಕೇಳಿಸುವಾಗ ಹೊಂದಿಸಿ. ಎಸ್‌ಡಿಆರ್ ಪ್ರೋಗ್ರಾಂನಿಂದ ವರ್ಚುವಲ್ ಆಡಿಯೊ ಕೇಬಲ್ ಮೂಲಕ ಐ-ಕ್ಯೂ (ಸಂಕೇತದ ಎರಡು ಭಾಗ) ಕಳಿಸುವಾಗ ಎಡ ಬಲ ಅದಲು ಬದಲಾದರೆ ಬ್ಯಾಂಡ್ ಕನ್ನಡಿಯಂತೆ ತಿರುಗುತ್ತದೆ. ಮಧ್ಯದಿಂದ 5 ಕಿಲೋಹರ್ಟ್ಸ್ ಮೇಲಿದ್ದದ್ದು 5 ಕೆಳಗೆ ಬರುತ್ತದೆ. ನಿಮ್ಮದೇ ರಿಗ್ (ರೇಡಿಯೊ ಸೆಟ್) ಅನ್ನು ಆಂಟೆನಾ ಬದಲಿಗೆ ಡಮ್ಮಿ ಲೋಡ್‌ಗೆ ಹಾಕಿ, ಅತಿ ಕಡಿಮೆ ಪವರ್‌ನಲ್ಲಿ ಕೀ ಒತ್ತಿ ಪರೀಕ್ಷಿಸಿ. ಸ್ಕಿಮ್ಮರ್‌ನಲ್ಲಿ ಕಾಲ್‌ಸೈನ್ ವ್ಯಾಲಿಡೇಷನ್ ‘ನಾರ್ಮಲ್’ ಇರಲಿ, ‘ಮಿನಿಮಲ್’ ಬೇಡ.

ಮರುಪ್ರಶ್ನೆ (ಶಿವಮೊಗ್ಗ): ಸರ್, ಇನ್ನೊಂದೇ ಒಂದು. ಇವತ್ತು ಸಂಜೆ 20 ಮೀಟರ್‌ನಲ್ಲಿ ಒಂದು ಗಂಟೆಯಿಂದ ಒಂದೂ ಸ್ಪಾಟ್ ಇಲ್ಲ. ಫಿಲ್ಟರ್ ಬಿಗಿಯಾಯಿತೋ, ಬ್ಯಾಂಡ್ ಮುಚ್ಚಿತೋ ಹೇಗೆ ತಿಳಿಯುವುದು?

ಉತ್ತರ: ಮೊದಲು ಎಸ್‌ಎಚ್/ಡಿಎಕ್ಸ್ ಹೊಡೆಯಿರಿ. ಯಾವ ಉತ್ತರವೂ ಬರದಿದ್ದರೆ ಕನೆಕ್ಷನ್ ಸತ್ತಿದೆ. ಫಿಲ್ಟರ್ ಬಿಗಿ ಇದ್ದು ಸಾಲುಗಳು ಅಪರೂಪವಾದಾಗ, ಮೊಬೈಲ್ ಹಾಟ್‌ಸ್ಪಾಟ್‌ನಂಥ ಜಾಲಗಳು ಸುಮ್ಮನಿರುವ ಟೆಲ್ನೆಟ್ ಅನ್ನು ಸದ್ದಿಲ್ಲದೆ ಕತ್ತರಿಸುವುದುಂಟು. ಉತ್ತರ ಬಂದರೆ ರಿಗ್ ಅನ್ನು 14.100 ಮೆಗಾಹರ್ಟ್ಸ್‌ಗೆ ತಂದು ಸಿಡಬ್ಲ್ಯೂನಲ್ಲಿ ಮೂರು ನಿಮಿಷ ಕೂರಿ. ಅಲ್ಲಿ 18 ಅಂತರರಾಷ್ಟ್ರೀಯ ಬೀಕನ್‌ಗಳು (ಬ್ಯಾಂಡ್ ತೆರೆದಿದೆಯೇ ಎಂದು ತಿಳಿಯಲು ಸಂಕೇತ ಕಳಿಸುವ ಸ್ಟೇಷನ್‌ಗಳು) 10 ಸೆಕೆಂಡಿಗೊಂದರಂತೆ ಸರದಿ ತೆಗೆದುಕೊಳ್ಳುತ್ತವೆ. ಪ್ರತಿ ಮೂರು ನಿಮಿಷದ ಸುತ್ತಿನಲ್ಲಿ 1:20ಕ್ಕೆ ಹಾಂಗ್‌ಕಾಂಗ್, 1:30ಕ್ಕೆ ಶ್ರೀಲಂಕಾ, 1:40ಕ್ಕೆ ದಕ್ಷಿಣ ಆಫ್ರಿಕಾ, 2:00ಕ್ಕೆ ಇಸ್ರೇಲ್, 2:10ಕ್ಕೆ ಫಿನ್ಲೆಂಡ್. ಸುತ್ತು ಶುರುವಾಗುವುದು ಯುಟಿಸಿ ಗಂಟೆಯ ಸೊನ್ನೆ ನಿಮಿಷದಿಂದ; ನಮ್ಮ ಗಡಿಯಾರದ 30ನೇ ನಿಮಿಷವೂ ಮೂರರಿಂದ ಭಾಗವಾಗುವುದರಿಂದ ಲೆಕ್ಕ ತಪ್ಪುವುದಿಲ್ಲ. ಕಾಲ್‌ಸೈನ್ ಮತ್ತು ಮೊದಲ ಗೆರೆ 100 ವ್ಯಾಟ್‌ನಲ್ಲಿ, ಆಮೇಲಿನ ಗೆರೆಗಳು 10, 1, ಕೊನೆಗೆ 0.1 ವ್ಯಾಟ್. ಎರಡನೇ ಗೆರೆಯೂ ಕೇಳಿಸುತ್ತಿದ್ದರೆ ಬ್ಯಾಂಡ್ ಚೆನ್ನಾಗಿಯೇ ತೆರೆದಿದೆ, ಫಿಲ್ಟರ್ ಸಡಿಲಿಸಿ 24 ಮತ್ತು 25 ಸೇರಿಸಿ. ಒಂದೂ ಕೇಳಿಸದಿದ್ದರೆ 40 ಮೀಟರ್‌ಗೆ ಹೋಗಿ. 73 (ಹ್ಯಾಮ್‌ಗಳ ಶುಭಾಶಯ).