ಜೋರು ಸದ್ದು ಬಡಿದ ಮೇಲೆ ಕಿವಿಯಲ್ಲಿ ‘ಕೀ’ ನಿಂತಿಲ್ಲ, ಸಣ್ಣ ಸದ್ದೂ ತಡೆಯಲಾಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ದಿನವಿಡೀ ಹೆಡ್‌ಸೆಟ್ ಹಾಕಿಕೊಂಡು ಫೋನಿನಲ್ಲಿ ಮಾತನಾಡುವ ಕೆಲಸದಲ್ಲಿದ್ದೇನೆ. ಕೆಲವು ತಿಂಗಳ ಹಿಂದೆ ಒಂದು ಕರೆಯ ನಡುವೆ ಬಲಗಿವಿಗೆ ಕಿರ್ರ್ ಅಂತ ಭಯಂಕರ ಸದ್ದು ಬಡಿಯಿತು. ಹೆಡ್‌ಸೆಟ್ ಕಿತ್ತು ಹಾಕುವಷ್ಟರಲ್ಲಿ ಮುಗಿದೇ ಹೋಗಿತ್ತು. ತಕ್ಷಣ ಕಿವಿ ಕಟ್ಟಿಕೊಂಡಿತು. ಸಂಜೆ ಹೊತ್ತಿಗೆ ಸಣ್ಣಗೆ ‘ಕೀ’ ಅನ್ನುವ ಸದ್ದು ಶುರುವಾಯಿತು. ಇವತ್ತಿಗೂ ನಿಂತಿಲ್ಲ.

ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ಸ್ಟೀಲ್ ಚಮಚ ತಟ್ಟೆಗೆ ತಾಗಿದರೆ ಸಾಕು, ಕಿವಿಯೊಳಗೆ ಚುಚ್ಚುತ್ತದೆ. ಪ್ಲಾಸ್ಟಿಕ್ ಕವರ್ ಸರಸರ ಅಂದರೂ ಭುಜ ಬಿಗಿಯುತ್ತದೆ. ಮಗಳು ಖುಷಿಯಲ್ಲಿ ಕಿರುಚಿದರೆ ಕಿವಿಯ ಆಳದಲ್ಲಿ ಏನೋ ಪಟಪಟ ಅದುರುತ್ತದೆ. ಅವಳು ಈಗ ನನ್ನ ಹತ್ತಿರ ಬಂದಾಗ ಪಿಸುದನಿಯಲ್ಲೇ ಮಾತಾಡುತ್ತಾಳೆ. ನಾನು ಹೇಳಿಕೊಟ್ಟಿದ್ದಲ್ಲ, ಅವಳೇ ಕಲಿತಿದ್ದಾಳೆ. ಅದನ್ನು ನೋಡಲಾಗುತ್ತಿಲ್ಲ.

ಇಎನ್‌ಟಿ ಡಾಕ್ಟರ್ ನೋಡಿದರು. ಕಿವಿತಮಟೆ ಚೆನ್ನಾಗಿದೆ, ಆಡಿಯೋಗ್ರಾಮ್ ನಾರ್ಮಲ್ ಅಂದರು. ಎಲ್ಲ ನಾರ್ಮಲ್ ಆಗಿದ್ದರೆ ಈ ನೋವು ಎಲ್ಲಿಂದ ಬರುತ್ತಿದೆ? ಈಗ ಮನೆಯೊಳಗೂ ಇಯರ್‌ಪ್ಲಗ್ ಹಾಕಿಕೊಂಡೇ ಇರುತ್ತೇನೆ. ರಾತ್ರಿ ಎಲ್ಲ ಸುಮ್ಮನಾದಾಗ ಆ ‘ಕೀ’ ತಲೆ ತುಂಬಿಕೊಳ್ಳುತ್ತದೆ. ಇದರ ಜೊತೆ ಬದುಕುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ 1

ನಾನು ಆಡಿಯಾಲಜಿಸ್ಟ್. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ನೋವು ನಿಜ. ರಿಪೋರ್ಟ್ ನಾರ್ಮಲ್ ಬಂದಿದ್ದಕ್ಕೆ ಅದು ಸುಳ್ಳಾಗುವುದಿಲ್ಲ.

ಮಾಮೂಲಿ ಆಡಿಯೋಗ್ರಾಮ್ 250ರಿಂದ 8000 ಹರ್ಟ್ಸ್‌ವರೆಗೆ ಎಷ್ಟು ಸಣ್ಣ ಸದ್ದು ಕೇಳುತ್ತದೆ ಅಂತ ನೋಡುತ್ತದೆ, ಅಷ್ಟೆ. ಯಾವ ಮಟ್ಟದಲ್ಲಿ ಸದ್ದು ಹಿಂಸೆ ಆಗುತ್ತದೆ ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಎಲ್‌ಡಿಎಲ್ ಅಂತ ಬೇರೆ ಪರೀಕ್ಷೆ ಇದೆ. ಹೆಚ್ಚಿನವರಿಗೆ ಸುಮಾರು 100 ಡೆಸಿಬಲ್ ಹತ್ತಿರ ‘ಸಾಕು’ ಅನಿಸುತ್ತದೆ. ಹೈಪರಾಕ್ಯೂಸಿಸ್, ಅಂದರೆ ಮಾಮೂಲಿ ಸದ್ದೂ ತಡೆಯಲಾಗದ ತೊಂದರೆ ಇರುವವರಿಗೆ ಅದಕ್ಕಿಂತ ಬಹಳ ಮುಂಚೆಯೇ. ಈ ಪರೀಕ್ಷೆ ಕೇಳಿ ಮಾಡಿಸಿ. ಆದರೆ ಸದ್ದನ್ನು ತೀರಾ ಸಣ್ಣದರಿಂದ ಶುರು ಮಾಡಿ, ನೀವು ಕೈ ಎತ್ತಿದ ಕೂಡಲೇ ನಿಲ್ಲಿಸುವವರ ಹತ್ತಿರ ಮಾತ್ರ.

ಇನ್ನು ಕಾರಣ. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಜೋರು ಸದ್ದಿನ ನಂತರ ಇಲಿಗಳಿಗೆ ಕೇಳುವ ಮಟ್ಟ ಮೊದಲಿನಂತೆಯೇ ವಾಪಸ್ ಬಂದಿತ್ತು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ‘ಕೂದಲು ಕೋಶ’ಗಳೂ ಉಳಿದಿದ್ದವು. ಆದರೆ ಆ ಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಶಾಶ್ವತವಾಗಿ ಹೋಗಿದ್ದವು. ಮನುಷ್ಯರಲ್ಲೂ ಹೀಗಾಗಬಹುದು ಅನ್ನುವ ಅನುಮಾನ ಬಲವಾಗಿದೆ. ಕಿವಿಯಿಂದ ಬರುವ ಮಾಹಿತಿ ಕಡಿಮೆಯಾದಾಗ ಮೆದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಆಗ ಇಲ್ಲದ ಸದ್ದು ಕೇಳುತ್ತದೆ, ಇರುವ ಸದ್ದು ಜಾಸ್ತಿ ಕೇಳುತ್ತದೆ.

ಪಟಪಟ ಅದುರುವುದಕ್ಕೆ ಬೇರೆ ವಿವರಣೆ ಇದೆ. ಕಿವಿತಮಟೆಯ ಹಿಂದೆ ಟೆನ್ಸರ್ ಟಿಂಪನಿ ಅನ್ನುವ ಪುಟ್ಟ ಸ್ನಾಯು ಇದೆ. ಬೆಚ್ಚಿದಾಗ ಅದು ಬಿಗಿಯುತ್ತದೆ. ಹೆಡ್‌ಸೆಟ್‌ನಲ್ಲಿ ಹಠಾತ್ ಸದ್ದು ಕೇಳಿದವರಿಗೆ ಆಗುವ ಈ ತೊಂದರೆಗೆ ಅಕೌಸ್ಟಿಕ್ ಶಾಕ್ ಅನ್ನುತ್ತಾರೆ. ಆ ಸ್ನಾಯು ಆಮೇಲೂ ಸಣ್ಣಪುಟ್ಟದ್ದಕ್ಕೆಲ್ಲ ಬಿಗಿಯುತ್ತಿರುತ್ತದೆ ಅಂತ ಈ ಕ್ಷೇತ್ರದ ಹಲವರ ಅಭಿಪ್ರಾಯ. ಕಿವಿ ಕಟ್ಟಿದಂತಾಗುವುದಕ್ಕೂ ಅದೇ ಕಾರಣ ಇರಬಹುದು.

ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ಮನೆಯೊಳಗಿನ ಇಯರ್‌ಪ್ಲಗ್. 2003ರಲ್ಲಿ ಕ್ರೇಗ್ ಫಾರ್ಮ್‌ಬಿ ತಂಡ ಒಂದು ಪ್ರಯೋಗ ಪ್ರಕಟಿಸಿತು. ಎರಡು ವಾರ ಇಯರ್‌ಪ್ಲಗ್ ಹಾಕಿಕೊಂಡಿದ್ದವರಿಗೆ ಸದ್ದು ಮೊದಲಿಗಿಂತ ಜೋರಾಗಿ ಅನಿಸತೊಡಗಿತು. ಮೆಲುವಾದ ‘ಶ್‌ಶ್’ ಸದ್ದು ಕೇಳುತ್ತಿದ್ದವರಿಗೆ ತಡೆದುಕೊಳ್ಳುವ ಶಕ್ತಿ ಹೆಚ್ಚಿತು. ಅವರ ಕಿವಿಗಳು ಚೆನ್ನಾಗಿಯೇ ಇದ್ದವು ಅನ್ನುವುದನ್ನು ಗಮನಿಸಿ. ಡ್ರಿಲ್, ಸೈರನ್, ದೊಡ್ಡ ಸ್ಪೀಕರ್ ಇದ್ದಲ್ಲಿ ಖಂಡಿತ ಹಾಕಿಕೊಳ್ಳಿ. 85 ಡೆಸಿಬಲ್ ದಾಟುವ ಜಾಗ ಅಂದುಕೊಳ್ಳಿ. ಮಾತು, ನಲ್ಲಿಯ ನೀರು, ಫ್ಯಾನ್, ಇವಕ್ಕೆಲ್ಲ ಬೇಡ. ಹಾಗಂತ ಒಂದೇ ದಿನಕ್ಕೆ ಎಲ್ಲ ತೆಗೆದುಹಾಕಬೇಡಿ. ನೋವು ಇರುವವರು ಇನ್ನೂ ನಿಧಾನವಾಗಿ ಹೋಗಬೇಕು. ಸದ್ದಾದ ಮಾರನೆಯ ದಿನವೂ ನೋವು ಉಳಿದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ಉತ್ತರ 2

ನನ್ನ ಪಕ್ಕದಲ್ಲೇ ಲಾರಿ ಟೈರ್ ಒಡೆಯಿತು. ಎಡಗಿವಿ. ವರ್ಷಗಳಾದವು, ಸದ್ದು ಇನ್ನೂ ಇದೆ. ಇದನ್ನು ಬರೆಯುವಾಗಲೂ ಕೇಳುತ್ತಿದೆ. ಆದರೆ ಇಡೀ ಮಧ್ಯಾಹ್ನ ಅದರ ನೆನಪೇ ಬರದ ದಿನಗಳೂ ಈಗ ಇವೆ.

ರಾತ್ರಿಯ ಬಗ್ಗೆ ಮಾತ್ರ ಹೇಳುತ್ತೇನೆ, ಅದೇ ಎಲ್ಲಕ್ಕಿಂತ ಕಷ್ಟ ಅಲ್ವಾ? ನಾನು ಹಾಸಿಗೆಯ ಪಕ್ಕ ಸಣ್ಣ ಸ್ಪೀಕರ್ ಇಟ್ಟು ಮಳೆಯ ಸದ್ದು ಹಾಕುತ್ತೇನೆ. ‘ಕೀ’ ಮುಚ್ಚಿಹೋಗುವಷ್ಟು ಜೋರಾಗಿ ಅಲ್ಲ. ಎರಡೂ ಒಟ್ಟಿಗೆ ಕೇಳಬೇಕು, ಮಳೆ ಒಂದು ಚೂರು ಕೆಳಗೇ ಇರಬೇಕು. ಕಿವಿಯ ಸದ್ದಿಗೆ ಮೆದುಳನ್ನು ಒಗ್ಗಿಸಲು ಪಾವೆಲ್ ಯಾಸ್ಟ್ರೆಬಾಫ್ ರೂಪಿಸಿದ ಟಿಆರ್‌ಟಿ ಚಿಕಿತ್ಸೆಯ ತತ್ವವೂ ಇದೇ ಅಂತ ನನಗೆ ಹೇಳಿಕೊಟ್ಟವರು ವಿವರಿಸಿದ್ದರು. ಪೂರ್ತಿ ಮುಚ್ಚಿಬಿಟ್ಟರೆ ಮೆದುಳಿಗೆ ಅದನ್ನು ಕಡೆಗಣಿಸಲು ಕಲಿಯುವ ಅವಕಾಶವೇ ಸಿಗುವುದಿಲ್ಲ.

ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಗೂ ಹೋದೆ. ಅದು ಸದ್ದನ್ನು ಕಡಿಮೆ ಮಾಡುವುದಿಲ್ಲ. ಸದ್ದು ಕೇಳಿದ ಕೂಡಲೇ ‘ನನ್ನ ಬದುಕು ಮುಗಿಯಿತು’ ಅಂತ ಓಡುವ ಯೋಚನೆಯನ್ನು ಹಿಡಿದು ನಿಲ್ಲಿಸಲು ಕಲಿಸುತ್ತದೆ. ನನಗೆ ನಿದ್ದೆ ವಾಪಸ್ ಬಂದದ್ದು ಅಲ್ಲಿಂದ. ಮಾತ್ರೆಯಿಂದ ಪೂರ್ತಿ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವವರಿಗೆ ಮಾತ್ರ ದುಡ್ಡು ಸುರಿಯಬೇಡಿ. ಅಂಥ ಮಾತ್ರೆ ಇನ್ನೂ ಬಂದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ಓದುತ್ತಾ ಕಣ್ಣು ತುಂಬಿತು. ಇನ್ನೊಂದು ಕೇಳಲೇ? ಕೆಲಸಕ್ಕೆ ವಾಪಸ್ ಹೋಗಬೇಕು. ಹೆಡ್‌ಸೆಟ್ ನೋಡಿದರೇ ಕೈ ನಡುಗುತ್ತದೆ. ಮಗಳಿಗೆ ಏನು ಹೇಳಲಿ?

ಉತ್ತರ 1

ಕೈ ನಡುಗುವುದು ಸಹಜ. ಹೆದರಿಕೆ ಇದ್ದಷ್ಟೂ ಆ ಸ್ನಾಯು ಬಿಗಿಯುತ್ತದೆ, ಅದಕ್ಕೇ ಅದನ್ನೂ ಚಿಕಿತ್ಸೆಯ ಭಾಗ ಅಂತಲೇ ನೋಡುತ್ತೇವೆ. ಸದ್ಯಕ್ಕೆ ಚಾಟ್ ಅಥವಾ ಇಮೇಲ್ ಕೆಲಸ ಕೇಳಿ, ಆಡಿಯಾಲಜಿಸ್ಟ್ ಹತ್ತಿರ ಪತ್ರ ಬರೆಸಿಕೊಳ್ಳಿ. ಮುಂದೆ ಕರೆಗಳಿಗೆ ಮರಳುವಾಗ ಹಠಾತ್ ಸದ್ದನ್ನು ತಡೆಯುವ ಲಿಮಿಟರ್ ಇರುವ ಹೆಡ್‌ಸೆಟ್ ಕೊಡಿಸಲು ಒತ್ತಾಯಿಸಿ. ಶುರುವಿಗೆ ಎಡಗಿವಿಗೆ ಮಾತ್ರ, ವಾಲ್ಯೂಮ್ ಕಡಿಮೆ ಇಟ್ಟು, ದಿನಕ್ಕೆ ಸ್ವಲ್ಪ ಹೊತ್ತು.

ಒಂದು ಎಚ್ಚರಿಕೆ, ಇದನ್ನು ಓದುವ ಎಲ್ಲರಿಗೂ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೇ ಹೋದರೆ ಅವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಸ್ಟೆರಾಯ್ಡ್ ಕೊಡುವುದಾದರೆ ಮೊದಲ ಎರಡು ವಾರದೊಳಗೆ ಕೊಟ್ಟರೇ ಹೆಚ್ಚು ಪ್ರಯೋಜನ. ನಾಡಿ ಬಡಿತದ ಲಯದಲ್ಲೇ ಸದ್ದು ಕೇಳುತ್ತಿದ್ದರೂ ತಡಮಾಡದೆ ತೋರಿಸಿ.

ಮಗಳ ವಿಷಯ. ಪಿಸುಗುಟ್ಟುವುದು ಬೇಡ, ಮಾಮೂಲಿ ದನಿಯಲ್ಲೇ ಮಾತಾಡು ಅಂತ ಹೇಳಿ. ಆ ದನಿ ನಿಮ್ಮ ಕಿವಿಗೆ ಬೇಕಾದ ಅಭ್ಯಾಸವೇ. ದಿನಾ ಸ್ವಲ್ಪ ಹೊತ್ತು ಅವಳು ನಿಮಗೆ ಗಟ್ಟಿಯಾಗಿ ಕಥೆ ಓದಲಿ, ಮೊದಲು ಕೋಣೆಯ ಆ ಕಡೆ ಕುಳಿತು, ಆಮೇಲೆ ಹತ್ತಿರ ಹತ್ತಿರ. ಕಿರುಚಬೇಕು ಅನಿಸಿದಾಗ ಮೊದಲು ಕೈ ಎತ್ತಲಿ. ಮೊದಲೇ ಗೊತ್ತಿರುವ ಸದ್ದಿಗೆ ಅಷ್ಟೊಂದು ಬೆಚ್ಚುವುದಿಲ್ಲ.